ವಾರ್ಡ್ ಆಫೀಸಿನ ದನಿ

ನಂಬಬೇಡಿ. ತಾಕತ್ತಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಓದಿ ತೋರಿಸಿ. ನಾನು ಎಪ್ಪತ್ತಮೂರು ವರ್ಷದ ಸುಳ್ಳುಗಾರ. ಜಪಾನಿನ ಕೋಬೆಯ ಕನ್ನಡದವರಲ್ಲಿ ಮೊದಲ ಸಲ ನನ್ನ ಮಾತು ನಂಬಿ ಕೆಟ್ಟವರು ಎರಡನೇ ಸಲಕ್ಕೆ ಹುಷಾರಾಗಿದ್ದಾರೆ, ಮೂರನೇ ಸಲಕ್ಕೆ ಮತ್ತೆ ಕೆಟ್ಟಿದ್ದಾರೆ. ಈ ಬರಹದಲ್ಲಿ ಇರುವುದು ಒಂದೇ ಒಂದು ಸುಳ್ಳು. ಅದು ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ. ಅದಕ್ಕಿಂತ ಮುಂಚೆ ನೀವೇ ಹಿಡಿದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು.

ಯಾರ ಹೆಸರನ್ನೂ ಬರೆಯುವುದಿಲ್ಲ. ಎರಡು ದೇಶಗಳು ಬರುತ್ತವೆ, ಅವುಗಳ ಹೆಸರನ್ನೂ ಬರೆಯುವುದಿಲ್ಲ. ಎರಡನ್ನೂ ಮಿಲಿಟರಿಯವರು ಆಳುತ್ತಿದ್ದಾರೆ, ಎರಡರ ನಡುವೆ ಒಂದು ನದಿ ಇದೆ, ನದಿಗೊಂದು ಸೇತುವೆ ಇದೆ. ಅಷ್ಟು ಗೊತ್ತಿದ್ದರೆ ಸಾಕು.

ನನಗೆ ದೇವರು ಕೊಟ್ಟ ಆಸ್ತಿ ಎಂದರೆ ನನ್ನ ಗಂಟಲು. ಬೆಂಗಳೂರಿನಲ್ಲಿ ಟ್ರಂಕ್ ಕಾಲ್ ಇದ್ದ ಕಾಲದಲ್ಲಿ ಎಕ್ಸ್‌ಚೇಂಜಿನ ಹೆಂಗಸಿನ ದನಿ ತೆಗೆದು ನನ್ನ ಸ್ವಂತ ಸೋದರಮಾವನನ್ನು ಅರ್ಧ ಗಂಟೆ ಫೋನಿನ ಮುಂದೆ ನಿಲ್ಲಿಸಿದವನು ನಾನು. ಇಪ್ಪತ್ತಾರನೇ ವಯಸ್ಸಿಗೆ ಮುತ್ತಿನ ವ್ಯಾಪಾರದ ಒಂದು ಭಾರತೀಯ ಕಂಪನಿಗೆ ಗುಮಾಸ್ತನಾಗಿ ಕೋಬೆಗೆ ಬಂದೆ. ಬಂದ ಎರಡು ವರ್ಷಕ್ಕೆ ಜಪಾನೀಸ್ ಕಲಿತೆ. ಐದು ವರ್ಷಕ್ಕೆ ಜಪಾನಿನವರಿಗೇ ಗುರುತು ಸಿಗದ ಹಾಗೆ ಕಲಿತೆ. ಇದು ಜಂಭವಲ್ಲ. ಜಂಭವೇ, ಆದರೆ ನಿಜವಾದ ಜಂಭ.

ನನ್ನ ದನಿಗಳಲ್ಲೆಲ್ಲ ಶ್ರೇಷ್ಠವಾದದ್ದು ವಾರ್ಡ್ ಆಫೀಸಿನ ದನಿ. ಈ ದೇಶದಲ್ಲಿ ಮನೆ ಬದಲಾದರೆ, ಮಗು ಹುಟ್ಟಿದರೆ, ವೀಸಾ ಮುಂದಕ್ಕೆ ಹೋದರೆ, ಎಲ್ಲದಕ್ಕೂ ವಾರ್ಡ್ ಆಫೀಸು. ಅಲ್ಲಿ ಕೂತವರ ಮಾತಿಗೆ ಒಂದು ಲಯವಿದೆ. ಮೊದಲು ಕ್ಷಮೆ, ಆಮೇಲೆ ವಿಷಯ, ಆಮೇಲೆ ಮತ್ತೆ ಕ್ಷಮೆ. ದನಿ ಏರುವುದಿಲ್ಲ, ಇಳಿಯುವುದಿಲ್ಲ; ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲಿನ ಹಾಗೆ ಇರುತ್ತದೆ. ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರಿಗೆ ನಾನು ಆ ದನಿಯಲ್ಲಿ ಫೋನ್ ಮಾಡುತ್ತಿದ್ದೆ. "ಸುಮಿಮಾಸೆನ್, ಕ್ಷಮಿಸಿ, ನೀವು ಇವತ್ತು ಇಟ್ಟ ಪ್ಲಾಸ್ಟಿಕ್ ಕಸದ ಚೀಲದಲ್ಲಿ ಈರುಳ್ಳಿ ಸಿಪ್ಪೆ ಸಿಕ್ಕಿದೆ. ನಮ್ಮ ಸಿಬ್ಬಂದಿಗೆ ಬಹಳ ನೋವಾಗಿದೆ. ದಯವಿಟ್ಟು ಕೆಳಗೆ ಬಂದು ಸಿಪ್ಪೆಯನ್ನು ವಾಪಸು ತೆಗೆದುಕೊಳ್ಳುವಿರಾ?" ಕೆಳಗೆ ಕೊಂಬಿನಿ ಅಂಗಡಿಯ ಬಾಗಿಲಲ್ಲಿ ಕಾಫಿ ಹಿಡಿದು ನಾನು ನಿಂತಿರುತ್ತಿದ್ದೆ. ಮೈಸೂರಿನ ಒಬ್ಬ ಇಂಜಿನಿಯರ್ ಬನಿಯನ್ನಿನಲ್ಲೇ ಓಡಿ ಬಂದು, ಖಾಲಿ ಬೀದಿಗೆ ಸೊಂಟ ಬಗ್ಗಿಸಿ ಮೂರು ಸಲ ನಮಸ್ಕಾರ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಚೇಷ್ಟೆಗೆ ಒಂದು ನಿಯಮವಿತ್ತು: ಕೂಡಲೇ ಬಿಚ್ಚಬಾರದು. ದೋಸೆ ಹಿಟ್ಟಿನ ಹಾಗೆ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಉಬ್ಬಿ ನಿಂತಿರುತ್ತದೆ. ಆಗ ಹೇಳಿದರೆ ರುಚಿ.

ಈಗ ಅವನ ವಿಷಯ.

ಕಂಪನಿ ಮುಚ್ಚಿದ ಮೇಲೂ ನಾನು ಕೆಲಸ ಬಿಡಲಿಲ್ಲ. ಬೆಟ್ಟದ ಕಡೆಯ ಬೀದಿಯಲ್ಲಿ ಒಬ್ಬ ಜಪಾನಿ ಮುದುಕಿಯ ಮುತ್ತಿನ ವರ್ಕ್‌ಶಾಪಿದೆ. ಅಲ್ಲಿ ಉತ್ತರದ ಕಿಟಕಿಯ ಪಕ್ಕ ಕೂತು ಒಂದೇ ಬಣ್ಣದ, ಒಂದೇ ಹೊಳಪಿನ ಮುತ್ತುಗಳನ್ನು ಜೊತೆ ಮಾಡುವುದು ನನ್ನ ಕೆಲಸ. ಎದುರಿನ ಮೇಜಿನಲ್ಲಿ ಮುತ್ತಿಗೆ ತೂತು ಕೊರೆಯುವವನು ಅವನು. ಅವನಿಗೆ ಆಗ ನಲವತ್ತು. ತನ್ನ ದೇಶದಲ್ಲಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದನಂತೆ. ಮಿಲಿಟರಿ ಬಂದ ವರ್ಷ ಕಾಲೇಜಿನ ಗೇಟಿನ ಮುಂದೆ ನಿಂತು ಒಂದು ಕರಪತ್ರ ಓದಿದ. ಓದುವಾಗ ಜೊತೆಯಲ್ಲಿ ನಿಂತಿದ್ದವರು ಏಳು ಜನ. ಜೀವಂತ ಉಳಿದವರು ಅವನು ಮತ್ತು ಅವನ ತಮ್ಮ. ಅವನಿಗೆ ಜಪಾನಿನ ವೀಸಾ ಸಿಕ್ಕಿತು, ತಮ್ಮನಿಗೆ ಸಿಗಲಿಲ್ಲ.

ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ಅವನ ವಾಸ. ನನ್ನನ್ನು 'ಸೆಂಪಾಯ್' ಎನ್ನುತ್ತಿದ್ದ. ಇಲ್ಲಿ ಕೆಲಸದಲ್ಲಿ ಹಿರಿಯನಾದವನಿಗೆ ಹಾಗೆ ಕರೆಯುತ್ತಾರೆ. ನಾವಿಬ್ಬರೂ ಮಾತಾಡುತ್ತಿದ್ದದ್ದು ಜಪಾನೀಸ್‌ನಲ್ಲಿ. ನಿಮಗಾಗಿ ಕನ್ನಡಕ್ಕೆ ಇಳಿಸುತ್ತಿದ್ದೇನೆ.

ಐದು ವರ್ಷವಾದರೂ ಈ ಪ್ರಾಣಿಗೆ ಒಂದೇ ಒಂದು ಸಲ ಮೋಸ ಮಾಡಲು ನನ್ನಿಂದ ಆಗಲಿಲ್ಲ. ಊಟದ ಡಬ್ಬಿಯಲ್ಲಿ ರಬ್ಬರ್ ಜಿರಲೆ ಇಟ್ಟೆ. ಡಬ್ಬಿ ತೆರೆಯುವ ಮೊದಲೇ ತೂಕ ನೋಡಿ, "ಸೆಂಪಾಯ್, ಇದರಲ್ಲಿ ಏನೋ ಇದೆ" ಎಂದು ನನ್ನ ಮುಂದೆ ತಳ್ಳಿದ. ಕುರ್ಚಿಯ ಕಾಲಿನ ಸ್ಕ್ರೂ ಸಡಿಲ ಮಾಡಿದೆ. ಕೂರುವ ಮುಂಚೆ ಕೈಯಿಂದ ಒತ್ತಿ ನೋಡಿದ. ಟೀಗೆ ಉಪ್ಪು ಹಾಕಿದೆ. ಅವನು ಯಾರು ಕೊಟ್ಟ ಟೀಯನ್ನಾದರೂ ಮೂಗಿನ ಹತ್ತಿರ ಹಿಡಿದು, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಒಂದು ನಿಮಿಷ ಕಾದು ಆಮೇಲೆ ಕುಡಿಯುವವನು. "ಏನಪ್ಪಾ, ರಾಜನ ಅಡುಗೆಮನೇಲಿ ಹುಟ್ಟಿದೋನ ತರ ಮೂಸ್ತೀಯ?" ಎಂದು ಹಂಗಿಸಿದೆ.

"ನನ್ನ ಗೆಳೆಯ ಮೂಸದೆ ಕುಡಿದ" ಎಂದ. ಅಷ್ಟೇ. ಮತ್ತೆ ಕೊರೆಯಲು ಶುರು ಮಾಡಿದ.

ತಮ್ಮನ ವಿಷಯ ಹೇಳಿದ್ದು ಮಳೆ ಹಿಡಿದ ಒಂದು ಮಧ್ಯಾಹ್ನ. ಬೆಳಕು ಸಾಲದೆ ನನ್ನ ಕೆಲಸ ನಿಂತಿತ್ತು. ತಮ್ಮ ನದಿ ದಾಟಿ ಪಕ್ಕದ ದೇಶಕ್ಕೆ ಹೋಗಿದ್ದಾನೆ, ಅಲ್ಲಿಯ ಬಂದರಿನ ಊರಿನಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ವರ್ಷದಿಂದ ಇದ್ದಾನೆ, ಹೊರಗೆ ಬರುವುದಿಲ್ಲ, ಗುಂಡಿ ಹೊಲಿದು ದಿನ ತಳ್ಳುತ್ತಿದ್ದಾನೆ ಎಂದ.

"ಪಕ್ಕದ ದೇಶಕ್ಕೆ ಹೋದ್ಮೇಲೆ ಇನ್ನೇನು ಭಯ?" ಎಂದು ಕೇಳಿದೆ.

ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. "ಸೆಂಪಾಯ್, ಎರಡೂ ಕಡೆ ಜನರಲ್‌ಗಳು ಒಂದೇ ಟ್ರೈನಿಂಗ್ ಸ್ಕೂಲಲ್ಲಿ ಓದಿದವರು. ನಮ್ಮವನು ಅಲ್ಲಿ ಸಿಕ್ಕಿದರೆ ಅವರು ಹಿಡಿದು ಸೇತುವೆ ಮೇಲೆ ತಂದುಕೊಡ್ತಾರೆ. ಅವರವನು ನಮ್ಮ ದೇಶದಲ್ಲಿ ಸಿಕ್ಕಿದರೆ ನಮ್ಮವರು ಕೊಡ್ತಾರೆ. ಕೋರ್ಟಿಲ್ಲ, ಕಾಗದ ಇಲ್ಲ. ಅಕ್ಕಪಕ್ಕದ ಮನೆ ಹೆಂಗಸರು ಸಕ್ಕರೆ ಕೊಟ್ಟು ತಗೊಳ್ಳೋ ಹಾಗೆ."

"ಮತ್ತೆ ಇಲ್ಲಿ? ಜಪಾನಲ್ಲಿ?"

"ಇಲ್ಲಿ ಎತ್ತಿಕೊಂಡು ಹೋಗಲ್ಲ. ಇಲ್ಲಿ ಕೇಳಿಸ್ಕೊಳ್ತಾರೆ. ನಾವು ಸ್ಟೇಷನ್ ಮುಂದೆ ಬೋರ್ಡ್ ಹಿಡಿದು ನಿಂತರೆ ಯಾರೋ ಫೋಟೋ ತೆಗೀತಾರೆ. ಮಾರನೇ ವಾರ ಊರಲ್ಲಿ ಅಮ್ಮನ ಮನೆಗೆ ಜೀಪು ಹೋಗುತ್ತೆ. ತಮ್ಮ ಎಲ್ಲಿದ್ದಾನೆ ಅಂತ ಈ ದೇಶದಲ್ಲಿ ಗೊತ್ತಿರೋದು ಇಬ್ಬರಿಗೇ. ನನಗೆ, ಈಗ ನಿಮಗೆ."

ಯಾಕೆ ನನಗೆ ಹೇಳಿದ? ಐದು ವರ್ಷ ಎದುರಿಗೆ ಕೂತ ಮುದುಕ, ಜಿರಲೆ ಇಡುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದವನು ಎಂದುಕೊಂಡಿರಬೇಕು.

ಆ ವರ್ಷದ ಯುಗಾದಿ ಭಾನುವಾರದ ಹತ್ತಿರ ಬಂತು. ಬನಿಯನ್ನಿನಲ್ಲಿ ನಮಸ್ಕಾರ ಮಾಡಿದ ಮೈಸೂರಿನ ಇಂಜಿನಿಯರ್ ತನ್ನ ಫ್ಲ್ಯಾಟಿನಲ್ಲಿ ಊಟ ಇಟ್ಟುಕೊಂಡಿದ್ದ. ಬಂದವರು ಮೂವರೇ: ನಾನು, ಬೆಂಗಳೂರಿನ ಇನ್ನೊಬ್ಬ ಇಂಜಿನಿಯರ್, ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ. ಅವಳು ಒಬ್ಬಟ್ಟಿಗೆ ಕಡಲೆಬೇಳೆ ಸಿಗದೆ ಜಪಾನಿನ ಸಿಹಿ ಬೀನ್ಸ್ ತುಂಬಿ ತಂದಿದ್ದಳು. ಒಬ್ಬಟ್ಟು ನೋಡಲು ಒಬ್ಬಟ್ಟು, ತಿನ್ನಲು ಬೇರೇನೋ, ನನ್ನ ಹಾಗೆ. ತಿಂದು, ಒರಗಿ, ಮಧ್ಯಾಹ್ನದ ಮೂರು ಗಂಟೆಗೆ ಹುಡುಗರು ನನ್ನನ್ನು ಕೆಣಕಲು ಶುರು ಮಾಡಿದರು.

"ಅಂಕಲ್, ನಿಮ್ಮ ಕೈಗೆ ಸಿಗ್ದೆ ಇರೋ ಪಾರ್ಟಿ ಯಾರೂ ಇಲ್ವಾ?" ಎಂದ ಬೆಂಗಳೂರಿನವನು.

"ಒಬ್ನಿದಾನೆ. ನಮ್ಮ ವರ್ಕ್‌ಶಾಪಲ್ಲಿ."

"ಓಹೋ! ಸೋ ಕಿಂಗ್‌ಗೂ ಒಂದು ಔಟ್ ಆಫ್ ಸಿಲಬಸ್ ಇದೆ."

"ಮಚ್ಚಾ, ಅಂಕಲ್‌ಗೆ ವಯಸ್ಸಾಯ್ತು ಕಣೋ, ಬಿಟ್ಬಿಡೋ" ಎಂದ ಮೈಸೂರಿನವನು. ಈರುಳ್ಳಿ ಸಿಪ್ಪೆಯ ಸೇಡು ಅದು.

ಅದು ತಗುಲಿತು. ವಯಸ್ಸಾಗಿರುವುದು ಬೇರೆ, ವಯಸ್ಸಾಯಿತು ಎಂದು ಒಬ್ಬ ಬನಿಯನ್ ಪ್ರಾಣಿ ಹೇಳುವುದು ಬೇರೆ. ಫೋನ್ ತೆಗೆದುಕೊಂಡೆ. ಕಸದ ವಿಷಯ ಅವನಿಗೆ ನಡೆಯುವುದಿಲ್ಲ, ಅವನ ಕಸ ಆಸ್ಪತ್ರೆಯ ಕಸದ ಹಾಗೆ ಶುದ್ಧ. ಅವನು ಬೀಳುವ ಗುಂಡಿ ಒಂದೇ ಒಂದು, ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವನೇ ತೋರಿಸಿದ್ದ.

ವರ್ಕ್‌ಶಾಪಿನ ಫೋನ್ ಹಳೆಯ ಕಾಲದ್ದು, ಯಾರ ನಂಬರ್ ಎಂದು ತೋರಿಸುವುದಿಲ್ಲ. ಭಾನುವಾರ ಅಲ್ಲಿರುವವನು ಅವನೊಬ್ಬನೇ. ಸ್ಪೀಕರ್ ಹಾಕಿದೆ. ಮೂರನೇ ರಿಂಗಿಗೆ ಎತ್ತಿದ.

"ಸುಮಿಮಾಸೆನ್, ವಾರ್ಡ್ ಆಫೀಸಿನ ನಿವಾಸಿಗಳ ವಿಭಾಗದಿಂದ ಕರೆ ಮಾಡುತ್ತಿದ್ದೇನೆ. ಭಾನುವಾರ ತಮ್ಮ ವಿಶ್ರಾಂತಿಗೆ ಭಂಗ ತಂದದ್ದಕ್ಕೆ ಕ್ಷಮೆ ಇರಲಿ. ತಪ್ಪು ನಮ್ಮದಾದ್ದರಿಂದ ನಾಳೆಯವರೆಗೆ ಕಾಯುವುದು ಸರಿಯಲ್ಲ ಎಂದು ನಮ್ಮ ಮೇಲಧಿಕಾರಿ ಹೇಳಿದರು."

ನೋಡಿ, ಇಲ್ಲಿದೆ ನನ್ನ ಪ್ರತಿಭೆ. ಭಾನುವಾರ ಆಫೀಸಿಗೆ ರಜ ಎಂದು ಅವನಿಗೆ ಹೊಳೆಯುವ ಮುಂಚೆಯೇ ಆ ರಜವನ್ನೇ ಕ್ಷಮೆಯಾಗಿ ಮಾಡಿಬಿಟ್ಟೆ. ರಜದ ದಿನ ಬಂದು ಕ್ಷಮೆ ಕೇಳುವ ಅಧಿಕಾರಿಯನ್ನು ಈ ದೇಶದಲ್ಲಿ ಯಾರೂ ಅನುಮಾನಿಸುವುದಿಲ್ಲ.

ಮುಂದುವರಿಸಿದೆ. ಪಕ್ಕದ ದೇಶದಿಂದ ತಮಗೊಂದು ಪತ್ರ ಬಂದಿತ್ತು, ವಿಳಾಸ ಅಸ್ಪಷ್ಟವಾಗಿದ್ದರಿಂದ ಅಂಚೆಯವರು ನಮ್ಮಲ್ಲಿಗೆ ತಂದರು, ಕಳಿಸಿದವರ ಮನೆತನದ ಹೆಸರು ತಮ್ಮದೇ. ಶುಕ್ರವಾರ ತಮ್ಮ ದೇಶದ ಕಾನ್ಸುಲೇಟಿನಿಂದ ಒಬ್ಬರು ಬಂದು, ತಾವೇ ತಲುಪಿಸುವುದಾಗಿ ಹೇಳಿದರು.

ಆ ಕಡೆ ಉಸಿರು ನಿಂತಿತು. ಮುತ್ತಿಗೆ ಸೂಜಿ ಇಳಿಸುವಾಗ ಅವನು ಹೀಗೇ ಉಸಿರು ಹಿಡಿಯುತ್ತಿದ್ದ.

"ಕೊಟ್ಟಿರಾ?" ಎಂದ.

"ಹೌದು. ಕೊಟ್ಟಿದ್ದೇವೆ. ತಮ್ಮ ಒಪ್ಪಿಗೆ ಕೇಳದೆ ಕೊಟ್ಟದ್ದಕ್ಕೆ ಅತ್ಯಂತ ವಿಷಾದ."

"ಕಳಿಸಿದವರ ವಿಳಾಸ ಲಕೋಟೆ ಮೇಲೆ ಇತ್ತಾ?"

"ಸ್ಪಷ್ಟವಾಗಿ ಇತ್ತು."

ಫೋನ್ ಇಟ್ಟುಬಿಟ್ಟ. ಬೈ ಇಲ್ಲ, ಥ್ಯಾಂಕ್ಸಿನ ಅರಿಗಾತೋ ಇಲ್ಲ. ಐದು ವರ್ಷದಲ್ಲಿ ಅವನು ಅರಿಗಾತೋ ಹೇಳದೆ ಫೋನ್ ಇಟ್ಟದ್ದೇ ಇಲ್ಲ.

ಹುಡುಗರಿಬ್ಬರೂ ನೆಲದ ಮೇಲೆ ಉರುಳಾಡಿದರು. ಮೈಸೂರಿನವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರಿಗೆ ತಮ್ಮನ ವಿಷಯ ಗೊತ್ತಿರಲಿಲ್ಲ. ಯಾವುದೋ ಲವ್ ಲೆಟರ್ ಇರಬೇಕು ಎಂದುಕೊಂಡರು. ಪಿಎಚ್‌ಡಿ ಹುಡುಗಿ ಮಾತ್ರ ನಗಲಿಲ್ಲ.

"ಅಂಕಲ್, ಅವ್ರ ವಾಯ್ಸ್ ಕೇಳಿದ್ರಾ?"

"ಕೇಳ್ದೆ. ಫಸ್ಟ್ ಕ್ಲಾಸ್."

"ಇಲ್ಲ ಅಂಕಲ್, ದಿಸ್ ಈಸ್ ನಾಟ್ ಫನ್ನಿ. ಈಗ್ಲೇ ಫೋನ್ ಮಾಡಿ ಹೇಳ್ಬಿಡಿ, ಪ್ಲೀಸ್."

"ಈಗ್ಲೇ ಹೇಳಿದ್ರೆ ಏನಮ್ಮಾ ಮಜಾ? ಹಿಟ್ಟು ಉಬ್ಬಲಿ. ಬೆಳಿಗ್ಗೆ ಎದುರಿಗೇ ಕೂತಿರ್ತಾನೆ, ಅವನ ಮುಖ ನೋಡ್ಕೊಂಡು ಹೇಳ್ತೀನಿ."

"ಸರಿ, ನಂಬರ್ ಕೊಡಿ, ನಾನೇ ಹೇಳ್ತೀನಿ."

ನಾನು ಕೊಡಲಿಲ್ಲ. ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯುವ ಸಂಭ್ರಮದಲ್ಲಿ ಹೋದೆ. ಅವನು ತನ್ನ ಮೇಜಿನಲ್ಲಿರಲಿಲ್ಲ. ಹಿಂದಿನ ಕೋಣೆಯ ನೆಲದ ಮೇಲೆ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ಹಿಂದಿನ ದಿನದ ಅಂಗಿಯೇ ಮೈಮೇಲೆ.

ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ. "ಸೆಂಪಾಯ್, ತಮ್ಮನ ವಿಳಾಸ ಅವರಿಗೆ ಸಿಕ್ಕಿಬಿಟ್ಟಿದೆ. ನಿನ್ನೆ ವಾರ್ಡ್ ಆಫೀಸಿಂದ ಫೋನ್ ಬಂತು. ಕೂಡಲೇ ತಮ್ಮನಿಗೆ ಮೆಸೇಜ್ ಕಳಿಸಿದೆ, ಆ ಕ್ಷಣ ಕೋಣೆ ಬಿಡು, ಬೆಟ್ಟದ ಕಡೆ ಹೋಗುವ ಮೊದಲ ಬಸ್ ಹತ್ತು ಅಂತ. ಹತ್ತಿದೀನಿ ಅಂತ ಬರೆದ. ಆಮೇಲೆ ಬರೆದಿಲ್ಲ."

ಫೋನಿನ ಪರದೆ ನನ್ನ ಕಡೆ ತಿರುಗಿಸಿದ. ಅವರ ಲಿಪಿ ನನಗೆ ಓದಲು ಬರುವುದಿಲ್ಲ. ಕೊನೆಯ ಮೆಸೇಜು ಚಿಕ್ಕದು. ಅದರ ಕೆಳಗೆ ಇವನು ಕಳಿಸಿದ್ದು ಹದಿನಾಲ್ಕು. ಯಾವುದನ್ನೂ ಆ ಕಡೆ ಯಾರೂ ತೆರೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬರಬಹುದು, ಆಗ ಹೇಳೋಣ, ಇಬ್ಬರೂ ನಗೋಣ ಎಂದುಕೊಂಡೆ.

ಸುದ್ದಿ ಬಂದದ್ದು ಗುರುವಾರ, ಟೈಲರ್ ಕಡೆಯಿಂದ. ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ಅವನಿಗೆ ಹೇಳಿದ್ದಳು. ಚೆಕ್‌ಪೋಸ್ಟಿನಲ್ಲಿ ಸೈನಿಕರು ಬಸ್ ಹತ್ತಿ ಎಲ್ಲರ ಕಾಗದ ಕೇಳಿದರು. ದಿನಾ ಕೇಳುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ತಮ್ಮನ ಹತ್ತಿರ ಕಾಗದ ಇರಲಿಲ್ಲ, ಕಾಗದ ಇಲ್ಲದ್ದರಿಂದಲೇ ಅವನು ಎರಡು ವರ್ಷ ಕೋಣೆ ಬಿಟ್ಟಿರಲಿಲ್ಲ. ಕೆಳಗೆ ಇಳಿಸುವಾಗ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು. ಹೆಂಗಸು ಅದನ್ನು ಕಿಟಕಿಯಿಂದ ಎಸೆದಳು. ಒಬ್ಬ ಸೈನಿಕ ಅದನ್ನು ಎತ್ತಿಕೊಂಡು, ತನ್ನ ಕಾಲಿಗೆ ಅಳತೆ ನೋಡಿ, ಪೊದೆಗೆ ಬಿಸಾಡಿದ. ಮೂರನೇ ದಿನ ಸೇತುವೆಯ ಮೇಲೆ ಒಂದು ವ್ಯಾನ್ ಅರ್ಧ ದೂರ ಹೋಯಿತು. ಎದುರಿನಿಂದ ಇನ್ನೊಂದು ಬಂತು. ಸೇತುವೆಯ ಕೆಳಗೆ ಮೀನು ಹಿಡಿಯುವವರು ನೋಡಿದ್ದಾರೆ.

"ಒಂದು ಮಾತು ನನಗೆ ಅರ್ಥ ಆಗ್ತಿಲ್ಲ" ಎಂದ ಅವನು. "ಆ ಕೋಣೆ ಹುಡುಕಿಕೊಂಡು ಯಾರೂ ಬಂದಿಲ್ಲ. ಟೈಲರ್ ಹೇಳ್ತಾನೆ, ಇವತ್ತಿನವರೆಗೂ ಒಬ್ಬ ಪೊಲೀಸ್ ಬಂದು ಬಾಗಿಲು ತಟ್ಟಿಲ್ಲ. ವಿಳಾಸ ಸಿಕ್ಕಿದವರು ಯಾಕೆ ಬರಲಿಲ್ಲ?"

ಗಣಿತದ ಮೇಷ್ಟ್ರು. ಲೆಕ್ಕ ತಾಳೆಯಾಗದಿದ್ದರೆ ಬಿಡುವವನಲ್ಲ. ವಾರ್ಡ್ ಆಫೀಸಿಗೆ ಹೋದ. ಅಲ್ಲಿಯ ಹೆಂಗಸು ಇವನ ಕಥೆ ಕೇಳಿ ಎದ್ದು ನಿಂತಳಂತೆ. ಅಂಚೆ ಪುಸ್ತಕ ತೆಗೆಸಿದರು, ಭಾನುವಾರ ಯಾರು ಬೀಗ ತೆಗೆದರು ಎಂದು ವಿಚಾರಿಸಿದರು. ಹತ್ತು ದಿನ ಹುಡುಕಿ, ಇಬ್ಬರು ಅಧಿಕಾರಿಗಳು ವರ್ಕ್‌ಶಾಪಿಗೇ ಬಂದರು, ಒಂದು ಡಬ್ಬಿ ಬಿಸ್ಕತ್ತಿನ ಜೊತೆ. ಅಂಥ ಪತ್ರ ಬಂದಿಲ್ಲ, ಅಂಥ ಕರೆ ಹೋಗಿಲ್ಲ, ನಮ್ಮ ಹೆಸರು ಹೇಳಿ ಯಾರೋ ತಮಗೆ ನೋವು ಕೊಟ್ಟದ್ದಕ್ಕೆ ಕ್ಷಮೆ ಇರಲಿ ಎಂದು ಸೊಂಟ ಬಗ್ಗಿಸಿದರು. ನಾನು ಕಿಟಕಿಯ ಪಕ್ಕ ಮುತ್ತು ನೋಡುತ್ತಾ ಕೂತಿದ್ದೆ. ಅವರ ದನಿ ಕೇಳಿದೆ. ನನ್ನದು ಅವರಿಗಿಂತ ಚೆನ್ನಾಗಿತ್ತು.

ಅಂದು ಅವನಿಗೆ ಉತ್ತರ ಸಿಕ್ಕಿತು. ಜನರಲ್‌ಗಳ ಕಡೆಯವರಿಗೆ ವಿಳಾಸ ಗೊತ್ತೇ ಇರಲಿಲ್ಲ. ಹೆದರಿಸಿ ಹೊರಗೆ ತಂದರೆ ರಸ್ತೆಯಲ್ಲಿ ಸಿಗುತ್ತಾನೆ ಎಂದು ಗೊತ್ತಿತ್ತು. "ಎಷ್ಟು ಬುದ್ಧಿವಂತರು ನೋಡಿ ಸೆಂಪಾಯ್! ಕೋಣೆಯಲ್ಲಿ ಕೂತಿದ್ದವನನ್ನ ನನ್ನ ಕೈಯಲ್ಲೇ ಬಸ್ಸಿಗೆ ಹತ್ತಿಸಿದರು."

ಹೀಗೆ ನನಗೆ ಬಡ್ತಿ ಸಿಕ್ಕಿತು. ಎರಡು ದೇಶಗಳ ಗೂಢಚಾರ ಇಲಾಖೆ ನಾನೊಬ್ಬನೇ ಆದೆ. ಅವನ ದೇಶದವರು ಜಪಾನಿನಲ್ಲಿ ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ಎಚ್ಚರಿಕೆ ಹೋಯಿತು: ವಾರ್ಡ್ ಆಫೀಸಿನ ದನಿಯಲ್ಲಿ ಒಬ್ಬ ಕರೆಯುತ್ತಾನೆ, ಸುಮಾರು ನಲವತ್ತು ವಯಸ್ಸು, ತರಬೇತಾದ ಏಜೆಂಟ್. ನಲವತ್ತು! ನನಗೆ ಆಗ ಎಪ್ಪತ್ತೊಂದು. ಒಂದು ಕ್ಷಣ ಖುಷಿಯಾಯಿತು. ಆ ಖುಷಿಯನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಅದು ಸುಳ್ಳಲ್ಲ.

ಪೊಲೀಸರು ಬಂದು ದೂರು ಬರೆದುಕೊಂಡರು. ಅವರ ಫಾರಂ ಫೋನ್ ವಂಚನೆಯದ್ದು. ಏನನ್ನು ಕಿತ್ತುಕೊಂಡರು ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಆ ಪೊಲೀಸಿನವನಿಗೆ ತಿಳಿಯಲಿಲ್ಲ. ಕೊನೆಗೆ ಒಂದು ಗೆರೆ ಎಳೆದ.

ಆಮೇಲೆ ಒಂದು ದಿನ ಅವನು ಕುರ್ಚಿಯನ್ನು ನನ್ನ ಕಿಟಕಿಯ ಹತ್ತಿರ ಎಳೆದುಕೊಂಡು ಬಂದ.

"ಸೆಂಪಾಯ್, ನಿಮ್ಮಷ್ಟು ಜಪಾನೀಸ್ ನನಗೆ ಗೊತ್ತಿರೋ ಯಾವ ವಿದೇಶಿಗೂ ಬರಲ್ಲ. ಆ ಮನುಷ್ಯ ಮಾತಾಡಿದ್ದನ್ನ ಹಾಗೇ ಮಾಡಿ ತೋರಿಸ್ತೀನಿ. ಯಾವ ಊರಿನವನು ಅಂತ ಹೇಳ್ತೀರಾ?"

ಕಣ್ಣು ಮುಚ್ಚಿದ. ಸುಮಿಮಾಸೆನ್‌ನಿಂದ ಶುರು ಮಾಡಿದ. ಭಾನುವಾರ, ವಿಶ್ರಾಂತಿ, ಮೇಲಧಿಕಾರಿ, ಲಕೋಟೆ, ಸ್ಪಷ್ಟವಾಗಿ ಇತ್ತು. ಒಂದು ಪದ ತಪ್ಪಿಲ್ಲ. ನನ್ನ ಬಿಡುವುಗಳು ನನ್ನ ಬಿಡುವುಗಳೇ. ನನ್ನ ಉಸಿರು ನನ್ನ ಉಸಿರೇ. ನಲವತ್ತೈದು ವರ್ಷದಲ್ಲಿ ನನ್ನನ್ನು ಅಣಕಿಸಿದವರು ಯಾರೂ ಇರಲಿಲ್ಲ. ಮೊದಲ ಸಲ ನನ್ನ ದನಿ ಎದುರಿನಿಂದ ಬಂತು.

"'ವಿಷಾದ' ಅನ್ನೋ ಕಡೆ ಸ್ವಲ್ಪ ನಿಧಾನ ಮಾಡಿರ್ಬೇಕು, ಅಲ್ವಾ?" ಎಂದೆ. ತಿದ್ದುವ ಚಪಲ. ಬಾಯಿಂದ ಹೊರಟುಹೋಗಿತ್ತು.

ಅವನು ಕಣ್ಣು ತೆರೆದ. "ಹೌದು. ನಿಧಾನ ಮಾಡಿದ. ನಿಮಗೆ ಹೇಗೆ ಗೊತ್ತಾಯ್ತು?"

"ಆಫೀಸಿನವರು ಹಾಗೇ ಮಾಡ್ತಾರೆ. ಟೋಕಿಯೋದವನು ಇರ್ಬೇಕು. ಶಿನಾಗಾವಾ ಕಡೆ ಆಫೀಸುಗಳಲ್ಲಿ ಹೀಗೆ ಮಾತಾಡ್ತಾರೆ."

ಅವನು ಅದನ್ನು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆಮೇಲೆ ಹೇಳಿದ, "ತಮ್ಮನ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ನಿಮ್ಮ ಮೇಲೆ ಅನುಮಾನ ಅಂತ ನಮ್ಮವರಲ್ಲಿ ಒಬ್ಬ ಹೇಳಿದ. ಅವನ ಜೊತೆ ಮಾತು ಬಿಟ್ಟಿದೀನಿ."

ಅವನು ಎರಡೂ ಕಾನ್ಸುಲೇಟಿಗೆ ಬರೆದ. ಎರಡೂ ಕಡೆಯಿಂದ ಉತ್ತರ ಬಂತು. ಪಕ್ಕದ ದೇಶದವರು, ಅಂಥ ವ್ಯಕ್ತಿ ನಮ್ಮ ಗಡಿಯೊಳಗೆ ಬಂದ ದಾಖಲೆ ಇಲ್ಲ ಎಂದರು. ಅವನ ದೇಶದವರು, ಅಂಥ ವ್ಯಕ್ತಿ ದೇಶ ಬಿಟ್ಟು ಹೋಗಿದ್ದಾನೆ, ಹಿಂತಿರುಗಿದ ದಾಖಲೆ ಇಲ್ಲ ಎಂದರು. ಕಾಗದದ ತಲೆಯ ಮೇಲೆ ಒಂದರಲ್ಲಿ ದೋಣಿ, ಇನ್ನೊಂದರಲ್ಲಿ ನಕ್ಷತ್ರ. ಕೆಳಗಿನ ಕೊನೆಯ ಪ್ಯಾರಾ ಎರಡರಲ್ಲೂ ಒಂದೇ, ಅಕ್ಷರ ಅಕ್ಷರ ಒಂದೇ. ಅವನು ಎರಡು ಕಾಗದಗಳನ್ನು ಒಂದರ ಮೇಲೊಂದು ಇಟ್ಟು ನನ್ನ ಕಿಟಕಿಯ ಬೆಳಕಿಗೆ ಹಿಡಿದ. ಸಾಲುಗಳು ಒಂದರ ಮೇಲೊಂದು ಕೂತವು. "ಜೊತೆ ಮುತ್ತು" ಎಂದ.

ಎಂಟು ತಿಂಗಳ ಮೇಲೆ ಅವನ ತಾಯಿಯನ್ನು ಊರಿನ ಸೈನಿಕ ಕ್ಯಾಂಪಿಗೆ ಕರೆಸಿದರು. ಒಂದು ಅಂಗಿ ಕೊಟ್ಟರು. ಒಗೆದು ಇಸ್ತ್ರಿ ಮಾಡಿದ್ದರು, ಒಂದು ಗುಂಡಿಯೂ ಇರಲಿಲ್ಲ. ಮಗ ಪಕ್ಕದ ದೇಶದಲ್ಲಿ ಜ್ವರ ಬಂದು ತೀರಿಕೊಂಡ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನು ಕಾಲೇ ಇಡದ ದೇಶದಲ್ಲಿ, ಆ ದೇಶದವರ ಪ್ರಕಾರ. ದೇಹ ಕೇಳಿದ್ದಕ್ಕೆ, "ಆ ಕಡೆಯವರನ್ನ ಕೇಳಮ್ಮ" ಎಂದು ನಕ್ಕರಂತೆ. ತಾಯಿಗೆ ಓದು ಬರುವುದಿಲ್ಲ, ಗುಂಡಿ ಎಣಿಸಲು ಬರುತ್ತದೆ. ಐದು ಗುಂಡಿಯ ಅಂಗಿ ಎಂದು ಮಗನಿಗೆ ಫೋನಿನಲ್ಲಿ ಹೇಳಿದಳು. ಮೂರು ಸಲ ಹೇಳಿದಳು. ಕದ್ದು ಕೇಳುವವನು ಕೇಳಿಸಿಕೊಳ್ಳಲಿ ಎಂದು ಜೋರಾಗಿ ಹೇಳಿದಳು.

ಆ ವಾರ ನಾನು ಹೇಳಿದೆ.

ಬೆಳಿಗ್ಗೆ ಹತ್ತು ಗಂಟೆ, ಬೆಳಕು ಚೆನ್ನಾಗಿತ್ತು. ಅವನು ಸೂಜಿ ಇಳಿಸುತ್ತಿದ್ದ. ನಾನು ಎದ್ದು ಅವನ ಮೇಜಿನ ಮುಂದೆ ನಿಂತು, ಬೇರೇನೂ ಪೀಠಿಕೆ ಇಲ್ಲದೆ, ಆ ದನಿ ತೆಗೆದೆ. "ಸುಮಿಮಾಸೆನ್, ವಾರ್ಡ್ ಆಫೀಸಿನ ನಿವಾಸಿಗಳ ವಿಭಾಗದಿಂದ." ಮುತ್ತು ಸೀಳಿತು. ಅವನು ಸೂಜಿ ಪಕ್ಕಕ್ಕಿಟ್ಟ, ದೀಪ ಆರಿಸಿದ, ಎದ್ದು ನಿಂತ. ಆಮೇಲೆ ಹೊಡೆದ. ಗಣಿತದ ಮೇಷ್ಟ್ರ ಕೈ ಅಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನ ಸಾಲಿನ ಕಟ್ಟಿಸಿದ ಹಲ್ಲು ಹಾರಿ ಮುತ್ತಿನ ತಟ್ಟೆಗೆ ಬಿತ್ತು, ಒಡೆದು ಚೂರಾಯಿತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಯಾವುದು ಹಲ್ಲು, ಯಾವುದು ಮುತ್ತು ಎಂದು ನನಗೇ ಗೊತ್ತಾಗಲಿಲ್ಲ, ನಲವತ್ತೈದು ವರ್ಷ ಮುತ್ತು ನೋಡಿದವನಿಗೆ! ಅವನು ಒಂದೊಂದೇ ಚೂರು ಆರಿಸಿ ನನ್ನ ಅಂಗೈಗೆ ಇಟ್ಟ. ಅಳುತ್ತಿದ್ದ. "ಹೋಗಿ ಸೆಂಪಾಯ್" ಎಂದ. "ಇನ್ನು ಬರಬೇಡಿ."

ಮೈಸೂರಿನವನು ಈಗ ಶಿನಾಗಾವಾದಲ್ಲಿದ್ದಾನೆ, ವರ್ಗ ಮಾಡಿಸಿಕೊಂಡು ಹೋದ. ನನ್ನ ಫೋನ್ ಎತ್ತುವುದಿಲ್ಲ. ಬೆಂಗಳೂರಿನವನು ವಾಪಸು ಹೊರಟುಹೋದ. ಪಿಎಚ್‌ಡಿ ಹುಡುಗಿಗೆ ಫುಕುವೋಕಾದಲ್ಲಿ ಕೆಲಸ ಸಿಕ್ಕಿತು, ಹೊರಡುವ ದಿನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು, "ಮಾರನೇ ದಿನ ಹೇಳಿದ್ರಾ ಅಂಕಲ್?" ಹೇಳಿದೆನಮ್ಮಾ, ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು ಎಂದೆ. "ಥ್ಯಾಂಕ್ ಗಾಡ್" ಎಂದಳು.

ಸರಿ. ಮಾತು ಕೊಟ್ಟಿದ್ದೇನೆ. ಯಾವುದು ಸುಳ್ಳು? ಚಪ್ಪಲಿಯೇ, ಗುಂಡಿಯೇ, ಒಂದರ ಮೇಲೊಂದು ಕೂತ ಎರಡು ಕಾಗದಗಳೇ? ನೀವು ಅವುಗಳ ಮೇಲೆ ಬೆರಳಿಟ್ಟಿದ್ದರೆ ನಿಮಗೆ ಜನರಲ್‌ಗಳ ಪರಿಚಯವಿಲ್ಲ. ಅವೆಲ್ಲ ನಿಜ.

ಹಲ್ಲು ಬಿದ್ದದ್ದು ಸುಳ್ಳು. ಆ ಬೆಳಿಗ್ಗೆ ಸುಳ್ಳು. ನಾನು ಅವನಿಗೆ ಹೇಳಿಲ್ಲ. ನನ್ನ ಹಲ್ಲುಗಳೆಲ್ಲ ಬಾಯಲ್ಲಿಯೇ ಇವೆ, ಎಲ್ಲವೂ ನನ್ನ ಸ್ವಂತದ್ದು. ಅವನಿಗೆ ನಾಲ್ಕು ಭಾಷೆ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ.

ನಾಳೆ ಸೋಮವಾರ. ಹತ್ತು ಗಂಟೆಗೆ ಟೀ ಮಾಡುವ ಸರದಿ ನನ್ನದು. ನಾನು ಕೊಟ್ಟ ಟೀಯನ್ನು ಅವನು ಈಗ ಮೂಸುವುದಿಲ್ಲ.